ಬೋರೆ ಮರದ ಉಪಯೋಗಗಳು

ಬಾಗಿಲು ತೆರೆದ ಅಕ್ಕನ ಎಡಗಣ್ಣಿನ ಮೇಲೆ ತೂತುತೂತಾದ ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲೊಂದನ್ನು ಅಂಟುಪಟ್ಟಿಯಿಂದ ಅಂಟಿಸಿದ್ದನ್ನು ನೋಡಿದ ಮೇಲೆಯೇ, ಅವಳಿಗೆ ಕಣ್ಣಿನ ಆಪರೇಷನ್ ಆಗಿದೆ ಎಂಬುದು ಅವನಿಗೆ ನೆನಪಾದದ್ದು. ಹೆಂಡತಿ ಹೇಳಿದ್ದಳು. ಊಟದ ತಟ್ಟೆ ಇಡುವಾಗ ಒಮ್ಮೆ, ಎತ್ತುವಾಗ ಒಮ್ಮೆ. ಎರಡು ಸಲವೂ ಅವನು ‘ಹೂಂ’ ಅಂದಿದ್ದ. ಅವನ ‘ಹೂಂ’ ಎಂಬುದು ಮನೆಯ ಕರೆಗಂಟೆಯ ಹಾಗೆ. ಒತ್ತಿದರೆ ಸದ್ದು ಮಾಡುತ್ತದೆ, ಒಳಗೆ ಯಾರಾದರೂ ಇದ್ದಾರೆಂದು ಅದರಿಂದ ಹೇಳಲಾಗದು. ಈಗ ಹೊಸ್ತಿಲ ಈಚೆ, ಬಗಲಲ್ಲಿ ಬಟ್ಟೆಚೀಲ, ಚೀಲದೊಳಗೆ ಗಿಡ ಕತ್ತರಿಸುವ ಕತ್ತರಿ, ಕೊಂಬೆ ಸುತ್ತಲು ಹಳೆಯ ಪೇಪರು, ಇಷ್ಟನ್ನು ಇಟ್ಟುಕೊಂಡು ಅವನು ಹಲ್ಲು ಕಿರಿದ. ‘ಅಕ್ಕಾ, ಹಿತ್ತಲ ಬೋರೆ ಮರದಿಂದ ಒಂದು ಕೊಂಬೆ ಬೇಕಿತ್ತು’ ಎಂಬ ವಾಕ್ಯವನ್ನು ಬಸ್ಸಿನಲ್ಲಿ ಬರುವಾಗಲೇ ಬಾಯಿಪಾಠ ಮಾಡಿಕೊಂಡಿದ್ದ. ಅದು ಗಂಟಲಲ್ಲೇ ಕೂತುಬಿಟ್ಟಿತು.

“ಬಂದೆಯಾ ಪುಟ್ಟಾ?” ಅಂದಳು ಅಕ್ಕ. ಅವನಿಗೆ ಐವತ್ತು ದಾಟಿತ್ತು, ಹೊಟ್ಟೆ ಬಂದಿತ್ತು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥನೆಂಬ ಬೋರ್ಡಿತ್ತು. ಅಕ್ಕನ ಬಾಯಲ್ಲಿ ಮಾತ್ರ ಅವನು ಪುಟ್ಟ. “ನೀನು ಬಂದೇ ಬರ್ತೀಯ ಅಂತ ನಂಗೊತ್ತಿತ್ತು ಕಣೋ. ಮಗಳು ಬೆಳಿಗ್ಗೆ ಕೆಲಸಕ್ಕೆ ಹೊರಡೋವಾಗ ಅಂತಿದ್ಲು, ಮಾವಂಗೆ ಎಲ್ಲಿ ಬಿಡುವಿರುತ್ತೆ ಅಮ್ಮಾ ಅಂತ. ನೋಡ್ತಿರು ಅಂದೆ.”

“ಬರದೆ ಇರ್ತೀನಾ ಅಕ್ಕಾ?” ಅಂದ. ಯಾರೋ ಒಳ್ಳೆಯ ಮನುಷ್ಯ ಅವನ ಬಾಯನ್ನು ಸ್ವಲ್ಪ ಹೊತ್ತಿಗೆ ಬಾಡಿಗೆಗೆ ತೆಗೆದುಕೊಂಡ ಹಾಗೆ ಆ ಮಾತು ಹೊರಬಂತು. ಅದರಲ್ಲಿ ತುಸು ನೊಂದ ಧಾಟಿಯೂ ಇತ್ತು, ತನ್ನನ್ನು ಹಾಗೆಲ್ಲ ಅನುಮಾನಿಸಬಹುದೇ ಎನ್ನುವಂತೆ. ಆ ಧಾಟಿ ಕೇಳಿ ಅವನಿಗೇ ನಾಚಿಕೆಯಾಯಿತು. ಆದರೆ ನಾಚಿಕೆಯಾಗುವುದಕ್ಕೂ ಚಪ್ಪಲಿ ಬಿಚ್ಚಿ ಒಳಗೆ ಹೋಗುವುದಕ್ಕೂ ಅವನಲ್ಲಿ ಯಾವತ್ತೂ ತಕರಾರಿರಲಿಲ್ಲ.

ಸಂಜೆ ಗ್ರಂಥಾಲಯದ ಹಾಲಿನಲ್ಲಿ ಅವನ ಭಾಷಣವಿತ್ತು. ‘ಹುಲ್ಲುಬಯಲಿನ ಹಣ್ಣಿನ ಮರ: ಬೋರೆಯ ಸಾಂಪ್ರದಾಯಿಕ ಉಪಯೋಗಗಳು.’ ಬೋರೆಯ ಮೇಲೆ ಅವನು ಪಿಎಚ್‌ಡಿ ಮಾಡಿದ್ದ, ಬೋರೆಯ ಮೇಲೆ ಬರೆದಿದ್ದ, ಬೋರೆಯ ಮೇಲೆ ಮಾತಾಡಿ ಮಾತಾಡಿ ಬಡ್ತಿ ಪಡೆದಿದ್ದ. ಹುಡುಗರು ಅವನಿಗೆ ‘ಬೋರೆ ಮೇಷ್ಟ್ರು’ ಎಂದು ಹೆಸರಿಟ್ಟು, ‘ಬೋರೆ’ಯ ಕೊನೆಯ ಸ್ವರವನ್ನು ಬೇಕೆಂದೇ ನುಂಗಿ ‘ಬೋರ್’ ಎಂದು ಕರೆಯುತ್ತಿದ್ದರು. ಊರು ಬೆಳೆದು, ಸುತ್ತಲಿನ ಬಯಲೆಲ್ಲ ಸೈಟುಗಳಾಗಿ, ಅಲ್ಲೊಂದು ಇಲ್ಲೊಂದು ಎಂಬಂತೆ ಹುಲ್ಲಿನ ನಡುವೆ ಕೊಡೆ ಬಿಚ್ಚಿ ನಿಂತಿದ್ದ ಬೋರೆ ಮರಗಳೆಲ್ಲ ಹೋಗಿ, ಅವನಿಗೆ ಗೊತ್ತಿದ್ದಂತೆ ಉಳಿದದ್ದು ಅಕ್ಕನ ಹಿತ್ತಲಿನ ಇದೊಂದೇ. ಕೈಯಲ್ಲಿ ಹಣ್ಣು ತುಂಬಿದ ಕೊಂಬೆ ಹಿಡಿದು ವೇದಿಕೆ ಹತ್ತುವ ತನ್ನನ್ನು ಅವನು ಕೆಲವು ದಿನಗಳಿಂದ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಅದಕ್ಕೆಂದೇ ಹೊಸ ಬಿಳಿ ಅಂಗಿ ಹೊಲಿಸಿದ್ದ. ಬಿಳಿಯ ಎದುರು ಹಸಿರು ಎದ್ದು ಕಾಣುತ್ತದೆ ಎಂದು ಲೆಕ್ಕ ಹಾಕಿದ ಮನುಷ್ಯನಿಗೆ, ಕೊಂಬೆ ಇರುವ ಮನೆಯಲ್ಲಿ ಅಕ್ಕನೂ ಇದ್ದಾಳೆ ಎಂಬುದು ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ನಡುಮನೆಯಲ್ಲಿ ಕಿಟಕಿಯ ಪರದೆ ಎಳೆದಿತ್ತು. ಮೇಜಿನ ಮೇಲೆ ಕಣ್ಣಿನ ಔಷಧಿಯ ಎರಡು ಸೀಸೆ, ಹತ್ತಿ, ಒಂದು ಕಪ್ಪು ಕನ್ನಡಕ. ಗೋಡೆಯಲ್ಲಿ ಭಾವನ ಫೋಟೋ. ಬಸ್ ಕಂಡಕ್ಟರ್ ಆಗಿದ್ದ ಭಾವ ತೀರಿಕೊಂಡು ವರ್ಷಗಳಾಗಿದ್ದರೂ ಫೋಟೋದಲ್ಲಿ ಮಾತ್ರ ಚಿಲ್ಲರೆ ಕೊಡಲು ತಡ ಮಾಡಿದವರನ್ನು ನೋಡುವಂತೆ ನೋಡುತ್ತಿದ್ದ. ಅಕ್ಕ ಅವನ ಚೀಲದ ಕಡೆ ಒಂದೇ ಕಣ್ಣಿನಿಂದ ನೋಡಿ, “ಅದೇನು ತಂದಿದ್ದೀಯೋ? ಏನೂ ತರಬೇಡ ಅಂತ ನಿನ್ನ ಹೆಂಡ್ತಿಗೆ ಹೇಳಿದ್ನಲ್ಲ” ಅಂದಳು. ಆಪರೇಷನ್ ಆದವಳನ್ನು ನೋಡಲು ಬರಿಗೈಯಲ್ಲಿ ಬಂದಿದ್ದೇನೆಂಬುದು ಅವನಿಗೆ ಹೊಳೆದದ್ದೂ ಆಗಲೇ. ಚೀಲದೊಳಗೆ ಕೈ ಹಾಕಿದ. ಕತ್ತರಿ ತಣ್ಣಗೆ ಬೆರಳಿಗೆ ತಾಗಿತು. ಅದನ್ನು ಬಿಟ್ಟು, “ಪೇಪರು” ಎಂದು ಹೊರಗೆ ತೆಗೆದ.

ಅಕ್ಕ ನಕ್ಕಳು. “ಕಣ್ಣು ಕುಯ್ಸಿಕೊಂಡವಳಿಗೆ ಓದೋಕೆ ಪೇಪರ್ ತಂದಿದ್ದೀಯಾ?”

“ನಾನೇ ಓದಿ ಹೇಳೋಣ ಅಂತ.”

ಹೇಳಿದ ಮೇಲೆ ಓದಲೇಬೇಕಾಯಿತು. ಅಕ್ಕ ಕುರ್ಚಿಗೆ ಒರಗಿ, ಕೈ ಮಡಿಲಲ್ಲಿಟ್ಟು, ರೇಡಿಯೋ ಕೇಳುವವಳ ಹಾಗೆ ಕೂತಳು. ಅವನು ಪರದೆಯ ಸಂದಿಯ ಬೆಳಕಿಗೆ ಪೇಪರು ಹಿಡಿದು, ನೀರಿನ ಪೈಪು ಒಡೆದದ್ದು, ಸೇತುವೆಯ ರಿಪೇರಿ ಮುಂದಕ್ಕೆ ಹೋದದ್ದು, ಯಾವುದೋ ಮಂತ್ರಿ ಯಾವುದನ್ನೋ ನಿರಾಕರಿಸಿದ್ದು ಎಲ್ಲವನ್ನೂ ಗಂಭೀರವಾಗಿ ಓದಿದ. ಓದುತ್ತಾ, ಇದನ್ನು ಹೆಂಡತಿ ನೋಡಬೇಕಿತ್ತು ಅನ್ನಿಸಿತು. ‘ನೀವು ನಾಲ್ಕು ಜನ ನೋಡೋವಾಗ ಚೆನ್ನಾಗಿರ್ತೀರಿ’ ಎಂದು ಅವಳು ಒಮ್ಮೆ ಹೇಳಿದ್ದಳು, ಜಗಳದಲ್ಲಿ ಅಲ್ಲ, ಬಟ್ಟೆ ಮಡಿಸುತ್ತಾ, ಹವೆಯ ವಿಷಯ ಹೇಳುವವಳಂತೆ. ಆ ಮಾತಿಗೆ ಅವನು ಒಂದು ವಾರ ಮುಖ ಊದಿಸಿಕೊಂಡಿದ್ದ; ಊದಿಸಿಕೊಂಡದ್ದನ್ನು ಯಾರೂ ಗಮನಿಸಲಿಲ್ಲವಾದ್ದರಿಂದ ತಾನಾಗಿಯೇ ಇಳಿಸಿಕೊಂಡಿದ್ದ. ಈಗ ಇಲ್ಲಿ ನೋಡುತ್ತಿರುವುದು ಒಂದು ಕಣ್ಣು ಮಾತ್ರ, ಅದೂ ಅರ್ಧ ಮುಚ್ಚಿದ್ದು. ಆದರೂ ಚೆನ್ನಾಗಿಯೇ ಇದ್ದೇನಲ್ಲ ಎಂದು ಉಬ್ಬುವಷ್ಟರಲ್ಲಿ ಅಕ್ಕ ಅಂದಳು: “ಈ ಸೇತುವೆ ಸುದ್ದಿ ಹೋದ ವಾರದ್ದಲ್ವೇನೋ? ಆಪರೇಷನ್‌ಗೆ ಮುಂಚೆ ನಾನೇ ಓದಿದ್ದೆ.”

“ಇರಬೇಕು. ಅದದೇ ಸುದ್ದಿ ಬರ್ತಿರುತ್ತಕ್ಕಾ.”

“ಹೂಂ” ಅಂದಳು ಅಕ್ಕ.

ಅವಳ ‘ಹೂಂ’ ಒಳಗೆ ಯಾರೋ ಇದ್ದರು. ಅವನು ಪೇಪರು ಮಡಚಿದ.

ಆಮೇಲೆ ಔಷಧಿ ಹಾಕುವ ಹೊತ್ತಾಯಿತು. ಮಗಳು ಇದ್ದಿದ್ದರೆ ಅವಳೇ ಹಾಕುತ್ತಿದ್ದಳು, ಈಗ ನೀನೇ ಹಾಕಬೇಕು ಅಂದಳು ಅಕ್ಕ. ಹಾಕುವ ಮುಂಚೆ ಕೈ ತೊಳೆಯಬೇಕು, ಸೀಸೆಯ ತುದಿ ರೆಪ್ಪೆಗೆ ತಾಗಬಾರದು. ಇನ್ನು ತಾನಂತೂ ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು, ಕಣ್ಣಿಗೆ ಏನೂ ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದಳು. ಬಟ್ಟಲನ್ನು ಮಲಗುವಾಗ ಕಟ್ಟಿಕೊಂಡರೆ ಸಾಕು ಅಂದಿದ್ದರಂತೆ ಡಾಕ್ಟರು. ಮಗಳು ಹೆದರಿ ಇಡೀ ದಿನ ಕಟ್ಟಿಸಿದ್ದಳು. ಅವನು ಅಂಟುಪಟ್ಟಿ ಬಿಡಿಸಿದ. ಒಳಗೆ ಅಕ್ಕನ ಕಣ್ಣು ಕೆಂಪಗೆ, ಹಸಿಯಾಗಿ, ಆಗತಾನೆ ಈ ಲೋಕಕ್ಕೆ ಬಂದದ್ದರ ಹಾಗೆ ಇತ್ತು. ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಮೂಗಿಗೆ. “ಮೇಲೆ ನೋಡು” ಎಂದು ಅವನು, “ನಾನು ಮೇಲೇ ನೋಡ್ತಿದ್ದೀನಿ, ನೀನೆಲ್ಲಿ ನೋಡ್ತಿದ್ದೀಯ?” ಎಂದು ಅವಳು. ಅವನು ನೋಡುತ್ತಿದ್ದದ್ದು, ಚಿಕ್ಕಂದಿನಲ್ಲಿ ಅದೇ ಕಣ್ಣು ಬೋರೆಯ ಎಲೆಗಳ ಮಧ್ಯದಿಂದ ಕೆಳಗೆ ಬಗ್ಗಿ ತನ್ನನ್ನು ಹುಡುಕುತ್ತಿದ್ದುದನ್ನು. ಅಕ್ಕ ಮರದ ಮೇಲೆ, ಅವನು ಕೆಳಗೆ, ಅಂಗಿಯ ತುದಿಯನ್ನು ಜೋಳಿಗೆಯಂತೆ ಹಿಡಿದು. ಅವಳು ಕೊಂಬೆ ಅಲುಗಿಸಿದರೆ ಹಣ್ಣು ತಲೆಯ ಮೇಲೂ ಅಂಗಿಗೂ ನೆಲಕ್ಕೂ ಸುರಿಯುತ್ತಿತ್ತು. ಹಳದಿಯಾದದ್ದು, ಅರೆಗೆಂಪಾದದ್ದು, ಸುಕ್ಕಾಗಿ ಸಿಹಿ ಹಿಡಿದದ್ದು. ಅವಳ ತೋಳು ತುಂಬ ಗೀರುಗಳಿರುತ್ತಿದ್ದವು. ಅವನ ಬಾಯಿ ತುಂಬ ಹಣ್ಣಿರುತ್ತಿತ್ತು. ಪ್ರಬಂಧದಲ್ಲಿ ‘ಹಣ್ಣನ್ನು ಸಾಮಾನ್ಯವಾಗಿ ಕೊಂಬೆ ಅಲುಗಿಸಿ ಸಂಗ್ರಹಿಸಲಾಗುತ್ತದೆ’ ಎಂದು ಬರೆದಿದ್ದ. ಯಾರಿಂದ ಅಲುಗಿಸಲಾಗುತ್ತದೆ, ಯಾರಿಂದ ತಿನ್ನಲಾಗುತ್ತದೆ ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವಿರಲಿಲ್ಲ. ಮೂರನೆಯ ಹನಿ ಕಣ್ಣಿಗೇ ಬಿತ್ತು. “ಬಿತ್ತು, ಬಿತ್ತು” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆ ಕ್ಷಣದಲ್ಲಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು. ಈ ಸಂತೋಷ ಕೆಡಿಸಿ ಈಗ ಹೋಗಿ ಕೊಂಬೆ ಕೇಳುವುದು ಹೇಗೆ? ಕೇಳಿದರೆ, ಬಂದದ್ದು ಇದಕ್ಕಾ ಅನ್ನುತ್ತಾಳೆ. ಕೇಳದೆ ಹೋದರೆ ಸಂಜೆ ಬರಿಗೈಯಲ್ಲಿ ವೇದಿಕೆ ಹತ್ತಬೇಕು. ಎರಡರ ನಡುವೆ ಒಂದು ಮೂರನೆಯ ದಾರಿ ಅವನಿಗೆ ಕಂಡಿತು. ಅವನಿಗೆ ಯಾವಾಗಲೂ ಕಾಣುತ್ತಿದ್ದದ್ದು ಮೂರನೆಯ ದಾರಿಯೇ.

“ಫೋನ್ ಬಂತು ಅಕ್ಕಾ, ಒಂದು ನಿಮಿಷ” ಎಂದು, ಸುಮ್ಮನೆ ಮಲಗಿದ್ದ ಫೋನನ್ನು ಕಿವಿಗೆ ಒತ್ತಿಕೊಂಡು, ಚೀಲವನ್ನು ಬಗಲಿಗೇರಿಸಿ ಹಿತ್ತಲಿಗೆ ನಡೆದ.

ಮರ ಹಿತ್ತಲ ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಆಚೆ ಇತ್ತು. ಯಾರೂ ನೆಟ್ಟದ್ದಲ್ಲ, ಮನೆ ಬರುವ ಮೊದಲೇ, ಇದೆಲ್ಲ ಹುಲ್ಲಾಗಿದ್ದಾಗಲೇ ನಿಂತಿದ್ದು. ಕೊಂಬೆಗಳು ನೆಲದತ್ತ ಬಾಗಿ, ಎಲೆಗಳು ಮೇಲೆ ಮಿರಮಿರ ಹಸಿರು, ಕೆಳಗೆ ಬೂದಿ ಬಳಿದ ಹಾಗೆ ಬಿಳಿ. ಅವನು ಎಡಗೈಯಲ್ಲಿ ಫೋನು ಹಿಡಿದು, “ಹೂಂ... ಹೂಂ... ಆಗಬಹುದು... ಕಮಿಟಿಯವರನ್ನು ಕೇಳಬೇಕು” ಎಂದು ಆ ಕಡೆ ಯಾರೂ ಇಲ್ಲದ ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡುತ್ತಾ, ಬಲಗೈಯಲ್ಲಿ ಕತ್ತರಿ ಹಿಡಿದು, ಕೆಳಗಿನ ಕೊಂಬೆ ಬಿಟ್ಟು ಒಳಗಿನದಕ್ಕೆ ಕೈ ಚಾಚಿದ. ಕೆಳಗಿನದರಲ್ಲಿ ಹಣ್ಣು ಕಡಿಮೆ ಇತ್ತು. ವೇದಿಕೆಗೆ ಒಪ್ಪುವಂಥದು ಒಳಗಿತ್ತು. ಮಾತು ಸಹಜವಾಗಿರಲೆಂದು ನಡುನಡುವೆ ನಗುತ್ತಲೂ ಇದ್ದ. ಹಾಗೆ ನಗುತ್ತಿದ್ದಾಗ ಕಿವಿಗೆ ಒತ್ತಿದ್ದ ಫೋನು ನಿಜವಾಗಿಯೇ ಹೊಡೆದುಕೊಂಡಿತು. ಅವನು ಬೆಚ್ಚಿ ಹಾರಿ ಮುಂದಕ್ಕೆ ಬಿದ್ದ. ಬಿದ್ದದ್ದು ಅಂದರೆ ಪೂರ್ತಿ ಬೀಳಲು ಮರ ಬಿಡಲಿಲ್ಲ.

“ಸರ್, ಗ್ರಂಥಾಲಯದ ಕಾರ್ಯದರ್ಶಿ ಮಾತಾಡ್ತಿರೋದು. ಎಲ್ಲಿದ್ದೀರಿ ಸರ್?”

“ಮರದ ಹತ್ತಿರಾನೇ ಇದ್ದೀನಿ” ಅಂದ ಅವನು. ಅದು ಆ ದಿನ ಅವನು ಆಡಿದ ಮೊದಲ ನಿಜವಾಗಿತ್ತು.

“ಒಳ್ಳೇದು ಸರ್, ಬೇಗ ಬನ್ನಿ” ಎಂದಿತು ಫೋನು. ಆಮೇಲೆ ಅದೂ ಕೈ ಜಾರಿ, ಮೊದಲೇ ಜಾರಿದ್ದ ಕತ್ತರಿಯ ಪಕ್ಕ ಬುಡಕ್ಕೆ ಬಿತ್ತು.

ಬೋರೆಯ ಮುಳ್ಳು ಜೋಡಿಜೋಡಿಯಾಗಿರುತ್ತದೆ. ಒಂದು ನೆಟ್ಟಗೆ, ಇನ್ನೊಂದು ಹಿಂದಕ್ಕೆ ಬಾಗಿದ ಕೊಕ್ಕೆ. ಇದನ್ನು ಅವನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ವರ್ಷ ಬರೆದಿದ್ದಾನೋ ಏನೋ. ಆ ಚಿತ್ರಕ್ಕೆ ಹೊಗಳಿಕೆಯೂ ಬಂದಿತ್ತು. ಈಗ ನೆಟ್ಟಗಿನದು ಚುಚ್ಚಿ ಎಚ್ಚರಿಸಿತು, ಎಚ್ಚೆತ್ತು ಹಿಂದೆ ಸರಿಯಹೋದರೆ ಕೊಕ್ಕೆ ಹಿಡಿಯಿತು. ಒಂದು ತೋಳು ಬಿಡಿಸಿದರೆ ಬೆನ್ನಿಗೆ ಹತ್ತಿತು, ಬೆನ್ನು ತಿರುಗಿಸಿದರೆ ಕಾಲರಿಗೆ. ಎದ್ದು ನಿಲ್ಲಲೂ ಆಗದೆ ಕೂರಲೂ ಆಗದೆ, ಯಾರಿಗೋ ತಲೆಬಾಗಿ ವಂದಿಸುವ ಭಂಗಿಯಲ್ಲಿ ಅವನು ನಿಂತ. ಇಲ್ಲಿಂದ ಬಿಡಿಸಿಕೊಳ್ಳುವ ವಿಧಾನವನ್ನು ತಾನು ಎಲ್ಲೂ ಓದಿಲ್ಲ ಎಂಬ ವಿಚಾರ ಬಂತು. ‘ಮುಳ್ಳಿನ ಕೊಂಬೆಗಳನ್ನು ಬೇಲಿಗೆ ಬಳಸುತ್ತಾರೆ’ ಎಂದು ತಾನೇ ಬರೆದದ್ದು ನೆನಪಾಗಿ, ಬೇಲಿಯ ಉಪಯೋಗವನ್ನು ದನಗಳ ಕಡೆಯಿಂದ ಯಾರೂ ಬರೆದಿಲ್ಲವಲ್ಲ ಅನ್ನಿಸಿ, ಆ ಅವಸ್ಥೆಯಲ್ಲೂ ನಗು ಬಂತು. ನಕ್ಕಾಗ ಕೊರಳಿಗೆ ಚುಚ್ಚಿತು. ತಲೆಯನ್ನು ಆದಷ್ಟು ಎತ್ತಿ ನೋಡಿದರೆ, ಪಕ್ಕದ ಮನೆಯ ಮಹಡಿಯ ಮೇಲೆ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಆಸ್ಪತ್ರೆಯ ನರ್ಸ್ ಅವಳು. ಹಿಂದೊಮ್ಮೆ ಅಕ್ಕ ಅವಳಿಗೆ ‘ನನ್ನ ತಮ್ಮ, ಪ್ರೊಫೆಸರು’ ಎಂದು ಅವನನ್ನು ತೋರಿಸಿದ್ದಳು. ಕೂಗಿದ್ದರೆ ಸಾಕಿತ್ತು. ಅವನು ಕೂಗಲಿಲ್ಲ. ಎಲೆಗಳ ಮರೆಯಲ್ಲಿ ಇನ್ನಷ್ಟು ತಗ್ಗಿದ. ಹಾಗೆ ತಗ್ಗಿದ್ದರಿಂದ ಪ್ಯಾಂಟಿಗೂ ಹತ್ತಿಕೊಂಡಿತು.

“ಪುಟ್ಟಾ? ಏನೋ ಇದು?”

ಅಕ್ಕ ಹಿತ್ತಲ ಬಾಗಿಲಲ್ಲಿದ್ದಳು. ಬಟ್ಟಲು ಮತ್ತೆ ಕಣ್ಣಿಗೇರಿತ್ತು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಹೊಲಿಗೆಯ ಕತ್ತರಿ ತಂದಳು. ಬರಬೇಡ ಎನ್ನಬೇಕು ಅಂದುಕೊಂಡ. ಅವಳು ಕಲ್ಲು ದಾಟಿದಳು. ಬಗ್ಗಬಾರದು, ಧೂಳಿಗೆ ಹೋಗಬಾರದು, ಕಣ್ಣಿಗೆ ಏನೂ ತಾಗಬಾರದು: ಈಗತಾನೆ ಕೇಳಿದ ಮಾತುಗಳು ಕಿವಿಯಲ್ಲೇ ಇದ್ದವು. ಅಕ್ಕಾ ಬೇಡ, ಪಕ್ಕದ ನರ್ಸನ್ನು ಕರಿ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಆದರೆ ನರ್ಸು ಬರುತ್ತಾಳೆ, ನೋಡುತ್ತಾಳೆ, ನಗುತ್ತಾಳೆ. ನಾಳೆ ಊರಿಗೆ ಗೊತ್ತಾಗುತ್ತದೆ. ಅಕ್ಕ ಮೈ ಬಗ್ಗಿಸಿ, ತಲೆ ಎಲೆಗಳ ಒಳಗೆ ತೂರಿಸಿ, ಒಂದೇ ಕಣ್ಣಿನಿಂದ ದೂರ ಹತ್ತಿರ ತಿಳಿಯದೆ, ಅವನ ತೋಳಿನ ಹತ್ತಿರ ಕತ್ತರಿ ತಂದಾಗ ಅವನ ಬಾಯಿಂದ ಬಂದ ಮಾತು ಇದು: “ಮೆಲ್ಲಗೆ ಅಕ್ಕಾ, ಅಂಗಿ ಹರೀಬೇಡ, ಹೊಸದು.”

“ಅಲ್ಲಾಡಬೇಡ ಸುಮ್ನಿರು” ಅಂದಳು ಅವಳು. ಅವಳ ಉಸಿರು ಅವನ ಕೆನ್ನೆಗೆ ತಾಗುತ್ತಿತ್ತು. ಮುಳ್ಳಿಗೂ ಅವಳ ಮುಖಕ್ಕೂ ನಡುವೆ ಎಷ್ಟು ಕಡಿಮೆ ಜಾಗವಿದೆ ಎಂಬುದನ್ನು ಅವನು ಸ್ಪಷ್ಟವಾಗಿ ನೋಡಿದ. ನೋಡುತ್ತಾ, ಇನ್ನೊಂದೇ ಕೊಂಬೆ, ಇನ್ನೇನು ಮುಗಿಯಿತು, ಏನೂ ಆಗುವುದಿಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡ. ಹೇಡಿತನಕ್ಕೆ ಇಷ್ಟು ಒಳ್ಳೆಯ ಕಣ್ಣು ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ತೋಳಿನ ಕೊಂಬೆಯನ್ನು ಕತ್ತರಿಸಿದಳು. ಅದಕ್ಕೆ ತಗುಲಿಕೊಂಡು ಬಾಗಿದ್ದ ಇನ್ನೊಂದು ಬಿಡುಗಡೆಯಾಗಿ, ಚಾಟಿಯ ಹಾಗೆ ಹಿಂದಕ್ಕೆ ಹಾರಿ, ಅವಳ ಮುಖಕ್ಕೆ ಬಡಿಯಿತು. ‘ಟಕ್’ ಎಂದು ಸದ್ದಾಯಿತು. ಕತ್ತರಿ ಕೆಳಗೆ ಬಿತ್ತು. ಅಕ್ಕ ಎರಡೂ ಕೈಯಿಂದ ಎಡಗಣ್ಣು ಮುಚ್ಚಿಕೊಂಡು, ಹಿಂದಕ್ಕೆ ಸರಿದು ಒಗೆಯುವ ಕಲ್ಲಿನ ಮೇಲೆ ಕೂತಳು.

ಆಮೇಲೆ ಅವನು ಹೇಗೆ ಹೊರಬಂದನೋ ಅವನಿಗೇ ಗೊತ್ತಾಗಲಿಲ್ಲ. ಗುಂಡಿಗಳು ಕಿತ್ತು ಹಾರಿದವು. ಬೆನ್ನಿನ ಮೇಲೆ ಏನೋ ಉದ್ದಕ್ಕೆ ಸೀಳಿತು. ಹೊಸ ಬಿಳಿ ಅಂಗಿ ಮರದಲ್ಲೇ ಉಳಿದು ಅವನು ಬನಿಯನ್ನಿನಲ್ಲಿ ಈಚೆಗೆ ಬಿದ್ದ. “ಅಕ್ಕಾ, ಅಕ್ಕಾ, ಕೈ ತೆಗಿ, ತೋರ್ಸು” ಎಂದ. ಅವಳು ಕೈ ತೆಗೆಯಲಿಲ್ಲ. ಅವನು ಮಹಡಿಯ ಕಡೆ ತಿರುಗಿ, ಸಿಸ್ಟರ್ ಎಂದು ಗಂಟಲು ಹರಿಯುವಂತೆ ಕೂಗಿದ. ಒಂದು ಸಲ ಕೂಗಿದರೆ ಸಾಕಿತ್ತು, ನರ್ಸು ಆಗಲೇ ಬಗ್ಗಿ ನೋಡುತ್ತಿದ್ದಳು. ಅವನು ಕೂಗುತ್ತಲೇ ಇದ್ದ. ಆಚೆ ರಸ್ತೆಯಲ್ಲಿ ಹೋಗುತ್ತಿದ್ದವರು ಇಬ್ಬರು ನಿಂತರು. ನಿಂತರೆ ನಿಲ್ಲಲಿ ಎಂದುಕೊಂಡು ಕೂಗಿದ.

ನರ್ಸು ಬಂದು, ಕೈ ತೊಳೆದು, ಅಕ್ಕನನ್ನು ಒಳಗೆ ಕೂರಿಸಿ, ಬಟ್ಟಲು ತೆಗೆದು, ಟಾರ್ಚು ಹಾಕಿ ನೋಡಿದಳು. ಅವಳು ಎಷ್ಟು ಹೊತ್ತು ನೋಡಿದಳೋ ಅಷ್ಟು ಹೊತ್ತು ಅವನು ಭಾವನ ಫೋಟೋದ ಕೆಳಗೆ ನಿಂತಿದ್ದ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನ ಹಾಗೆ. “ಏನೂ ಆಗಿಲ್ಲಮ್ಮ. ಬಟ್ಟಲು ಗೀರಿದೆ, ಕಣ್ಣಿಗೆ ತಾಗಿಲ್ಲ. ನಾಳೆ ಹೇಗೂ ಡಾಕ್ಟರ್ ಹತ್ರ ಹೋಗ್ಬೇಕಲ್ಲ, ಹೇಳಿ” ಎಂದು ನರ್ಸು ಹೊಸ ಪಟ್ಟಿ ಹಾಕಿದಳು. ಆಮೇಲೆ ಅವನ ಕಡೆ ತಿರುಗಿ, “ನಿಮಗೇ ಜಾಸ್ತಿ ಆಗಿರೋದು. ಒಂದು ಇಂಜೆಕ್ಷನ್ ಹಾಕಿಸ್ಕೊಂಡುಬಿಡಿ” ಅಂದಳು. ಬಾಗಿಲ ತನಕ ಹೋಗಿ ಮತ್ತೆ ನಿಂತು, “ಸಂಜೆ ಗ್ರಂಥಾಲಯದಲ್ಲಿ ಬೋರೆ ಮರದ ಬಗ್ಗೆ ಮಾತಾಡೋರು ನೀವೇ ಅಲ್ವಾ ಸಾರ್? ಪೋಸ್ಟರ್ ನೋಡಿದ್ದೆ” ಎಂದು, ನಗು ತಡೆದುಕೊಂಡು ಹೊರಟುಹೋದಳು. ಅವಳು ಗೇಟಿನ ಆಚೆ ನಕ್ಕದ್ದು ಕೇಳಿಸಿತು. ಯಾವ ನಗುವಿಗೆ ಅಷ್ಟು ಹೆದರಿದ್ದನೋ ಅದು ಅವನನ್ನು ಏನೂ ಮಾಡಲಿಲ್ಲ. ಅದು ಬರೀ ನಗುವಾಗಿತ್ತು.

ಅಕ್ಕ ಏನೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳಿಗೆ ಒಂದು ಹಿಡಿಕೆಯಾದರೂ ಸಿಗುತ್ತಿತ್ತು. ಕೊನೆಗೆ ಅವನೇ, “ಅಕ್ಕಾ, ನಾನು ನಿನ್ನ ಕಣ್ಣು ನೋಡೋಕೆ ಬಂದಿದ್ದಲ್ಲ” ಅಂದ. “ಕೊಂಬೆಗೆ ಬಂದಿದ್ದು. ಸಂಜೆ ಭಾಷಣಕ್ಕೆ. ಆಪರೇಷನ್ ವಿಷಯ ನನಗೆ ಮರೆತೇಹೋಗಿತ್ತು.” ಹೇಳಿ ಮುಗಿಸಿದ ಮೇಲೆ, ನಿಜ ಹೇಳಿದ್ದಕ್ಕೆ ಒಂದಿಷ್ಟು ಹಗುರವಾಗುತ್ತದೆಂದು ಕಾದ. ಆಗಲಿಲ್ಲ. ಬೆನ್ನು ಉರಿಯುತ್ತಿತ್ತು.

“ಬಾಗಿಲಲ್ಲೇ ಹೇಳಿದ್ರೆ ಏನಾಗ್ತಿತ್ತು?”

“ನಿಂಗೆ ಬೇಜಾರಾಗ್ತಿತ್ತು.”

“ಆಗ್ತಿತ್ತು. ಆಮೇಲೆ ಕೊಂಬೆ ಕೊಡ್ತಿದ್ದೆ.” ಅಕ್ಕ ಎದ್ದು ಕೋಣೆಯ ಕಡೆ ಹೊರಟಳು. “ಈಗ ಬೇಜಾರೂ ಆಗಿದೆ, ಕೊಂಬೇನೂ ಕೊಡಬೇಕು.”

ಒಳಗೆ ಬೀರು ತೆರೆದ ಸದ್ದಾಯಿತು. ಬಂದಾಗ ಅವಳ ಕೈಯಲ್ಲಿ ಭಾವನ ಖಾಕಿ ಅಂಗಿ ಇತ್ತು, ಇಸ್ತ್ರಿ ಮಾಡಿ ಮಡಚಿದ್ದು. ಬೇರೆ ಬಟ್ಟೆಯೆಲ್ಲ ಕೊಟ್ಟುಬಿಟ್ಟೆ, ಇದೊಂದೇ ಇರೋದು, ಹಾಕ್ಕೊ ಅಂದಳು. ಬೇಡ ಎನ್ನುವ ಧೈರ್ಯ ಅವನಿಗಾಗಲಿಲ್ಲ; ಆ ಒಂದನ್ನು ಅವಳು ಯಾಕೆ ಇಟ್ಟುಕೊಂಡಿದ್ದಾಳೆಂದು ಕೇಳುವ ಧೈರ್ಯವೂ. ತೋಳು ಬೆರಳ ತನಕ ಬಂತು. ಜೇಬಿನ ಮೇಲೆ ಬಿಲ್ಲೆ ಹಾಕಿ ತೆಗೆದ ಎರಡು ತೂತು. ಅಷ್ಟರಲ್ಲಿ ಅಕ್ಕ ಕಪ್ಪು ಕನ್ನಡಕವನ್ನು ಬಟ್ಟಲಿನ ಮೇಲೆಯೇ ಏರಿಸಿ, ಕೈಚೀಲ ಹಿಡಿದು, ಚಪ್ಪಲಿ ಮೆಟ್ಟುತ್ತಿದ್ದಳು.

“ನೀನೆಲ್ಲಿಗೆ?”

“ನಿನ್ನ ಭಾಷಣಕ್ಕೆ. ಇಲ್ಲಿ ಒಬ್ಬಳೇ ಕೂತು ಬೇಜಾರು ಮಾಡ್ಕೊಳ್ಳೋದನ್ನ ಅಲ್ಲೇ ಕೂತು ಮಾಡ್ಕೋತೀನಿ. ಔಷಧಿ ಯಾರು ಹಾಕ್ತಾರೆ ಮಧ್ಯದಲ್ಲಿ?”

ಕೊಂಬೆಯನ್ನು ಅವನೇ ಕತ್ತರಿಸಿದ, ಕೆಳಗಿನದನ್ನೇ. ಹೋದ ವಾರದ ಸುದ್ದಿಯಲ್ಲಿ ಸುತ್ತಿದ. ಆಟೋದಲ್ಲಿ ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು, ಹಳ್ಳ ಬಂದಲ್ಲೆಲ್ಲ ಅವನ ಖಾಕಿ ತೋಳು ಹಿಡಿದುಕೊಂಡು ಕೂತಿದ್ದಳು. ಆಪರೇಷನ್ ಆದಾಗಿನಿಂದ ಕಣ್ಣು ಮುಚ್ಚಿಲ್ಲ ಕಣೋ, ಅಂದಳು, ಅವನಿಗಲ್ಲ, ಮುಂದಿನ ಸೀಟಿನ ಬೆನ್ನಿಗೆ ಹೇಳುವಂತೆ. ನಿದ್ದೆಯಲ್ಲಿ ಆ ಕಣ್ಣಿನ ಕಡೆಗೆ ಹೊರಳಿಬಿಟ್ಟರೆ ಅಂತ ಭಯ. ಮಗಳು ಪಕ್ಕದಲ್ಲೇ ಮಲಗ್ತಾಳೆ. ಅವಳನ್ನು ಎಬ್ಬಿಸಬಾರದು ಅಂತ ಸುಮ್ಮನೆ ಬಿದ್ದಿರ್ತೀನಿ.

ಹಾಲಿನಲ್ಲಿ ಕುರ್ಚಿಗಳು ಬಹಳ ಇದ್ದವು, ಜನ ಕಡಿಮೆ ಇದ್ದರು. ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅವನು ತಿರುಗುವಷ್ಟರಲ್ಲಿ, ಬೆಳ್ಳಿಗೂದಲಿನ ಒಬ್ಬರು, “ಏನಪ್ಪಾ, ಆ ಫ್ಯಾನ್ ಸ್ವಲ್ಪ ಜೋರು ಮಾಡು. ಭಾಷಣ ಮಾಡೋರು ಇನ್ನೂ ಬಂದಿಲ್ವಾ?” ಅಂದರು. ಅವನು ಹೋಗಿ ಫ್ಯಾನು ಜೋರು ಮಾಡಿದ. “ಬರ್ತಾರೆ” ಅಂದ. ಕಾರ್ಯದರ್ಶಿ ಓಡಿ ಬಂದು ಅವನ ಅಂಗಿಯನ್ನೂ ಕೊರಳ ಗೀರುಗಳನ್ನೂ ನೋಡಿ, ಕೇಳಬೇಕಾದ್ದನ್ನು ನುಂಗಿ, ಮೈಕಿನ ಹತ್ತಿರ ಕರೆದೊಯ್ದ. ಬೆಳ್ಳಿಗೂದಲಿನವರ ಬಾಯಿ ತೆರೆದೇ ಉಳಿಯಿತು. ಬೇರೆ ದಿನವಾಗಿದ್ದರೆ ಆ ಒಂದು ಬಾಯಿಯನ್ನು ಅವನು ವರ್ಷಗಟ್ಟಲೆ ನೆನೆದು ಹೊರಳಾಡುತ್ತಿದ್ದ.

ಶುರು ಮಾಡಿದ. ಬಿಸಿಲಿಗೂ ಬೆಂಕಿಗೂ ಜಗ್ಗದೆ, ಕಡಿದಷ್ಟೂ ಬುಡದಿಂದ ಚಿಗುರುವ ಮರವಿದು ಎಂದ. ಹಣ್ಣನ್ನು ಹಸಿಯಾಗಿ ತಿನ್ನುತ್ತಾರೆ, ಒಣಗಿಸಿ ಕುಟ್ಟಿ ಇಡುತ್ತಾರೆ ಎಂದ. ಎಲೆ ಆಡುಗಳಿಗೆ ಮೇವು. ಅದನ್ನೇ ಅರೆದರೆ ನೊರೆ ಬರುತ್ತದೆ, ತಲೆ ತೊಳೆಯಲು ಬಳಸುತ್ತಾರೆ ಎನ್ನುವಾಗ, ಬಚ್ಚಲಲ್ಲಿ ಅಮ್ಮ ಅಕ್ಕನ ತಲೆಗೆ ಆ ಹಸಿರು ನೊರೆ ತಿಕ್ಕುತ್ತಿದ್ದದ್ದೂ, ಅಕ್ಕ ಕಣ್ಣುರಿ ಎಂದು ಕಿರುಚುತ್ತಿದ್ದದ್ದೂ, ತಾನು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದದ್ದೂ ಎದುರು ಬಂದು, ಅವನ ಕಣ್ಣು ತಾನಾಗಿ ಮುಂದಿನ ಸಾಲಿಗೆ ಹೋಯಿತು. ಅಕ್ಕ ನಿದ್ದೆ ಹೋಗಿದ್ದಳು. ಕೊಂಬೆ ಮಡಿಲಲ್ಲಿ, ಬಾಯಿ ಅರೆ ತೆರೆದು, ತಲೆ ಸದ್ಯ ಬಲಕ್ಕೆ ವಾಲಿತ್ತು.

ಅವನು ಮೈಕಿನಿಂದ ಹಿಂದೆ ಸರಿದ. ದನಿ ತಗ್ಗಿಸಿದ. “ಸಾರ್, ಕೇಳಿಸ್ತಿಲ್ಲ, ಜೋರಾಗಿ ಹೇಳಿ” ಎಂದು ಹಿಂದಿನಿಂದ ಯಾರೋ ಕೂಗಿದರು. ಅವನು ತುಟಿಗೆ ಬೆರಳಿಟ್ಟು, ಇನ್ನೊಂದು ಕೈಯಿಂದ ಎಲ್ಲರನ್ನೂ ಹತ್ತಿರ ಕರೆದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಬೆಳ್ಳಿಗೂದಲಿನವರೇ ತಮ್ಮ ಕುರ್ಚಿಯನ್ನು ಎಳೆಯದೆ ಎತ್ತಿ ತಂದರು; ಉಳಿದವರೂ ತಂದರು. ಅವನು ವೇದಿಕೆ ಇಳಿದು ಬಂದು ಅಕ್ಕನ ಎಡಗಡೆ ನಿಂತ. ನಿದ್ದೆಯಲ್ಲಿ ಅವಳ ತಲೆ ಮೆಲ್ಲಗೆ ನೆಟ್ಟಗಾಗಿ, ಈ ಕಡೆಗೆ ವಾಲಲು ನೋಡುತ್ತಿತ್ತು. ಅವನು ಅಂಗೈಯನ್ನು ಅವಳ ಕೆನ್ನೆಯ ಹತ್ತಿರ, ತಾಗಿಯೂ ತಾಗದಂತೆ, ಅಡ್ಡ ಹಿಡಿದ. ಹಿಡಿದುಕೊಂಡೇ ಪಿಸುದನಿಯಲ್ಲಿ ತೊಗಟೆಗೆ ಬಂದ: ತೊಗಟೆ ಚರ್ಮ ಹದ ಮಾಡಲು, ಬೇರು ಗಾಯಕ್ಕೆ, ಕಟ್ಟಿಗೆ ಗುದ್ದಲಿಯ ಹಿಡಿಗೆ, ಮುಳ್ಳು ಬೇಲಿಗೆ. ಮುಳ್ಳಿನ ಮಾತಿಗೆ ಯಾರೋ ಅವನ ಕೊರಳು ನೋಡಿ ಮೆಲ್ಲಗೆ ನಕ್ಕರು. ಅವನೂ ಸದ್ದಿಲ್ಲದೆ ನಕ್ಕ.

ಉಪಯೋಗಗಳು ಮುಗಿದವು. ಅಕ್ಕನ ನಿದ್ದೆ ಮುಗಿದಿರಲಿಲ್ಲ. ನಿಲ್ಲಿಸಿದರೆ ಚಪ್ಪಾಳೆ ತಟ್ಟುತ್ತಾರೆ, ಚಪ್ಪಾಳೆಗೆ ಅವಳು ಎಚ್ಚರಗೊಳ್ಳುತ್ತಾಳೆ. ಇಡೀ ಜೀವಮಾನ ಯಾವುದಕ್ಕಾಗಿ ಬೋರೆಯನ್ನು ಹಿಡಿದುಕೊಂಡು ತಿರುಗಿದ್ದನೋ ಅದು ಕೈಚಾಚುವಷ್ಟು ದೂರದಲ್ಲಿ ಕಾಯುತ್ತಾ ಕೂತಿತ್ತು. ಅವನು ಉಸಿರೆಳೆದುಕೊಂಡು, ಬಿಸಿಲಿಗೂ ಬೆಂಕಿಗೂ ಜಗ್ಗದ ಮರವಿದು ಎಂದು ಮತ್ತೆ ಮೊದಲಿನಿಂದ ಶುರು ಮಾಡಿದ. ಹೇಳಿದ್ದನ್ನೇ ಹೇಳುತ್ತಿದ್ದಾನೆಂದು ಯಾರಿಗೂ ಗೊತ್ತಾಗಲಿಲ್ಲ. ಇಲ್ಲವೇ ಗೊತ್ತಾಗಿಯೂ ಯಾರೂ ಏಳಲಿಲ್ಲ. ಹಣ್ಣು ದಾಟಿ ಎಲೆಗೆ ಬರುವ ಹೊತ್ತಿಗೆ ಅಕ್ಕನ ಕೆನ್ನೆ ಬೆಚ್ಚಗೆ ಬಂದು ಅವನ ಅಂಗೈ ಮೇಲೆ ಕೂತಿತು. ತೋಳು ಸೋಲುತ್ತಿತ್ತು. ಅವನು ಮೊಣಕೈಯನ್ನು ಇನ್ನೊಂದು ಕೈಯಿಂದ ಆತುಕೊಂಡು, ತೊಗಟೆಯ ವಿಷಯವನ್ನು ಈ ಸಲ ತುಸು ವಿವರವಾಗಿ ಹೇಳತೊಡಗಿದ.